ಸರ್ಕಾರಿ ಶಾಲೆಯಲ್ಲಿ ರಕ್ತಹೀನತೆ ಮತ್ತು ಕಲಿಕೆಯ ಅಧ್ಯಯನ: ಮೊದಲ ಪತ್ರದಿಂದ ಕೊನೆಯ ಚೀಟಿಯವರೆಗೆ

ಸಮುದಾಯ ಆರೋಗ್ಯ, ಶಿಕ್ಷಣ, ಸಮಾಜಕಾರ್ಯ, ಅರ್ಥಶಾಸ್ತ್ರ ಓದುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ರಕ್ತ ಕಡಿಮೆ ಇರುವ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆಯೇ ಎಂದು ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಅಧ್ಯಯನ ಮಾಡಬೇಕು. ಎಲ್ಲಿಂದ ಶುರು ಮಾಡಲಿ?" ಕೆಲವರು ಉಪಕರಣ ಕೊಂಡ ಮೇಲೆ ಕೇಳುತ್ತಾರೆ, ಕೆಲವರು ಮಕ್ಕಳ ರಕ್ತ ತೆಗೆದಾದ ಮೇಲೆ. ಅಷ್ಟು ಹೊತ್ತಿಗೆ ಸರಿಪಡಿಸಲಾಗದ ತಪ್ಪುಗಳು ಆಗಿಹೋಗಿರುತ್ತವೆ. ಆದ್ದರಿಂದ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದೆ. ಉದಾಹರಣೆಗೆ 3ರಿಂದ 5ನೇ ತರಗತಿಯ ಮಕ್ಕಳನ್ನು ತೆಗೆದುಕೊಂಡಿದ್ದೇವೆ.

1. ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

"ಮಕ್ಕಳ ಆರೋಗ್ಯ ಮತ್ತು ಶಿಕ್ಷಣ" ಎಂಬುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಪ್ರಶ್ನೆ ಹೀಗಿರಬೇಕು: "ಈ ತಾಲ್ಲೂಕಿನ ಸರ್ಕಾರಿ ಶಾಲೆಗಳ 3ರಿಂದ 5ನೇ ತರಗತಿ ಮಕ್ಕಳಲ್ಲಿ ಎಷ್ಟು ಜನರಿಗೆ ರಕ್ತಹೀನತೆ ಇದೆ? ಒಂದೇ ಶಾಲೆಯ ಒಂದೇ ತರಗತಿಯಲ್ಲಿ ರಕ್ತಹೀನತೆ ಇರುವ ಮಗುವಿಗೂ ಇಲ್ಲದ ಮಗುವಿಗೂ ಓದುವ ಮಟ್ಟದಲ್ಲಿ ವ್ಯತ್ಯಾಸ ಇದೆಯೇ?" ಯಾರು, ಎಲ್ಲಿ, ಏನನ್ನು ಅಳೆಯುವುದು, ಯಾರ ಜೊತೆ ಹೋಲಿಕೆ ಎಂಬ ನಾಲ್ಕೂ ಇದರಲ್ಲಿವೆ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಮುಂದೆ ಹೋಗಬೇಡಿ.

ಒಮ್ಮೆ ಹೋಗಿ ಅಳೆದುಬರುವ ಅಧ್ಯಯನದಿಂದ ಸಂಬಂಧ ಇದೆಯೋ ಇಲ್ಲವೋ ತಿಳಿಯುತ್ತದೆ, ಕಾರಣ ಗೊತ್ತಾಗುವುದಿಲ್ಲ. ಬಡತನ ತಟ್ಟೆಯನ್ನೂ ತಟ್ಟುತ್ತದೆ, ಪಾಟಿಯನ್ನೂ ತಟ್ಟುತ್ತದೆ. ಹಾಗಾಗಿ ತಾಯಿಯ ಓದು, ಮನೆಯ ಆಸ್ತಿಪಾಸ್ತಿ, ಮನೆಮಾತು, ಹಾಜರಾತಿ ಇವನ್ನೂ ಮೊದಲ ದಿನದಿಂದಲೇ ಪ್ರಶ್ನಾವಳಿಯಲ್ಲಿ ಸೇರಿಸಿಕೊಳ್ಳಿ. ಆಮೇಲೆ ಸೇರಿಸಲು ಬರುವುದಿಲ್ಲ.

2. ಶಾಲೆಯ ಕ್ಯಾಲೆಂಡರ್ ನೋಡಿ ಕಾಲ ಗೊತ್ತುಮಾಡಿ

ಫೆಬ್ರುವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳು. ಅಂದು ಮಕ್ಕಳಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಕೊಡುತ್ತಾರೆ. ಅರ್ಧ ಶಾಲೆಗಳನ್ನು ಅದಕ್ಕೆ ಮೊದಲು, ಉಳಿದರ್ಧವನ್ನು ಆಮೇಲೆ ಅಳೆದರೆ ಎರಡು ಬೇರೆ ಸ್ಥಿತಿಗಳನ್ನು ಬೆರೆಸಿದಂತೆ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯದೂ ಇದೇ ಕತೆ: 5ರಿಂದ 9 ವರ್ಷದವರಿಗೆ ಗುಲಾಬಿ ಬಣ್ಣದ್ದು, 10 ದಾಟಿದವರಿಗೆ ನೀಲಿಯದು. ಶಾಲೆಗೆ ಮಾತ್ರೆ ಕೊನೆಯ ಸಲ ಬಂದದ್ದು ಯಾವಾಗ, ಮಕ್ಕಳು ನುಂಗಿದ್ದು ಎಷ್ಟು ವಾರ ಎಂದು ಪ್ರತಿ ಶಾಲೆಯಲ್ಲೂ ಬರೆದುಕೊಳ್ಳಿ. ರಿಜಿಸ್ಟರಿನಲ್ಲಿರುವುದು ಒಂದು, ಮಕ್ಕಳು ಹೇಳುವುದು ಇನ್ನೊಂದು ಆಗಿರಬಹುದು. ಎರಡನ್ನೂ ಬರೆಯಿರಿ.

ಕಬ್ಬು ಕಟಾವಿಗೆ, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ತಾಲ್ಲೂಕುಗಳಲ್ಲಿ ದೀಪಾವಳಿಯ ನಂತರ ತೀರಾ ಬಡಕುಟುಂಬಗಳ ಮಕ್ಕಳೇ ಶಾಲೆಯಲ್ಲಿ ಇರುವುದಿಲ್ಲ. ಅಲ್ಲಿ ಡಿಸೆಂಬರಿನಲ್ಲಿ ಅಳೆದರೆ ರಕ್ತಹೀನತೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಅಂಥ ಕಡೆ ಜುಲೈನಿಂದ ಆಗಸ್ಟ್ ಮೊದಲ ವಾರದವರೆಗಿನ ಅವಧಿಯೇ ಒಳ್ಳೆಯದು. ಗುಳೆ ಇಲ್ಲದ ಕಡೆ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಅನುಕೂಲ. ಪರೀಕ್ಷೆ, ಪ್ರವಾಸ, ವಾರ್ಷಿಕೋತ್ಸವದ ವಾರಗಳನ್ನು ಬಿಡಿ. ಶನಿವಾರ ಅರ್ಧ ದಿನ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕ್ಷೇತ್ರಕ್ಕೆ ಇಳಿಯುವುದಕ್ಕೆ ಕನಿಷ್ಠ ಎಂಟು ತಿಂಗಳ ಮೊದಲು ಕಾಗದದ ಕೆಲಸ ಶುರುವಾಗಿರಲಿ.

3. ಅನುಮತಿಗಳ ಗಂಟು ಬಿಡಿಸುವ ಕ್ರಮ

ನೈತಿಕ ಸಮಿತಿ ಎಂದರೆ ಅಧ್ಯಯನದಲ್ಲಿ ಭಾಗವಹಿಸುವವರಿಗೆ ಹಾನಿಯಾಗದಂತೆ ನೋಡಿಕೊಳ್ಳಲು ಸಂಸ್ಥೆಯೊಳಗೆ ಇರುವ ಎಥಿಕ್ಸ್ ಕಮಿಟಿ. ಹೆಚ್ಚಿನವರು ಸಿಕ್ಕಿಕೊಳ್ಳುವುದು ಇಲ್ಲೇ. ಶಿಕ್ಷಣ ಇಲಾಖೆಯ ಪತ್ರ ತನ್ನಿ ಎಂದು ಸಮಿತಿ ಹೇಳುತ್ತದೆ, ಸಮಿತಿಯ ಒಪ್ಪಿಗೆ ತನ್ನಿ ಎಂದು ಇಲಾಖೆ ಹೇಳುತ್ತದೆ. ಬಿಡಿಸುವ ದಾರಿ ಹೀಗೆ:

ಅ. ಎರಡು ಪುಟದ ಕನ್ನಡ ಟಿಪ್ಪಣಿಯೊಂದಿಗೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಂದ (ಡಿಡಿಪಿಐ) "ನೈತಿಕ ಸಮಿತಿಯ ಒಪ್ಪಿಗೆಗೆ ಒಳಪಟ್ಟು" ಎಂಬ ಷರತ್ತಿನ ತಾತ್ವಿಕ ಒಪ್ಪಿಗೆ ಪತ್ರ ಪಡೆಯಿರಿ.

ಆ. ರಕ್ತ ಪರೀಕ್ಷೆ ಇರುವುದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಅರ್ಜಿ ಕೊಡಿ. ತೊಂದರೆ ಕಂಡ ಮಕ್ಕಳನ್ನು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಎಂಬುದು ಆ ಪತ್ರದಲ್ಲೇ ಇರಲಿ.

ಇ. ಈ ಎರಡು ಪತ್ರ, ಪ್ರಶ್ನಾವಳಿ, ಕನ್ನಡದ ಒಪ್ಪಿಗೆ ನಮೂನೆ ಸೇರಿಸಿ ನೈತಿಕ ಸಮಿತಿಗೆ ಸಲ್ಲಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಮೊದಲೇ ಓದಿಕೊಂಡಿರಿ, ಸಮಿತಿ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇದೆ.

ಈ. ಸಮಿತಿಯ ಒಪ್ಪಿಗೆ ಬಂದ ಮೇಲೆ ಡಿಡಿಪಿಐ ಅವರಿಂದ ಅಂತಿಮ ಆದೇಶ, ಅದರ ಪ್ರತಿ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮತ್ತು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳಿಗೆ. ಮುಖ್ಯೋಪಾಧ್ಯಾಯರು ಮೊದಲು ಕೇಳುವುದು ಬಿಇಒ ಪತ್ರವನ್ನೇ.

ವಿದೇಶಿ ಹಣ ಅಥವಾ ವಿದೇಶಿ ಸಹಭಾಗಿ ಇದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಅದಕ್ಕೆ ಬೇರೆಯೇ ಸಮಯ ಇಟ್ಟುಕೊಳ್ಳಿ. ನೀವೇ ಮಾತ್ರೆ ಅಥವಾ ಆಹಾರ ಕೊಟ್ಟು ಪರಿಣಾಮ ನೋಡುವುದಾದರೆ ಅದು ಪ್ರಯೋಗ. ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲ ಮಗುವನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. 2018ರ ಏಪ್ರಿಲ್ 1ರಿಂದ ಅಲ್ಲಿ ತಡವಾದ ನೋಂದಣಿಗೆ ಅವಕಾಶವಿಲ್ಲ.

4. ಎಷ್ಟು ಮಕ್ಕಳು, ಎಷ್ಟು ಶಾಲೆ

ಮೊದಲು ಸರಳ ಲೆಕ್ಕ: 1.96ರ ವರ್ಗ × ಪ್ರಮಾಣ × (1 − ಪ್ರಮಾಣ) ÷ ನೀವು ಒಪ್ಪುವ ತಪ್ಪಿನ ಅಂತರದ ವರ್ಗ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ 24ರಷ್ಟು ರಕ್ತಹೀನತೆ ಕಂಡಿತ್ತು. ಶೇ 25 ಎಂದು ಹಿಡಿದು, ಐದು ಶೇಕಡಾಂಶ (0.05) ಆಚೀಚೆ ಆದರೂ ಸರಿ ಎಂದುಕೊಂಡರೆ 289 ಮಕ್ಕಳು ಬೇಕು.

ಇಲ್ಲಿಗೇ ನಿಲ್ಲಿಸುವುದು ಪ್ರಬಂಧಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಒಂದೇ ಶಾಲೆಯ ಮಕ್ಕಳು ಒಂದೇ ಊರಿನ ಊಟ, ನೀರು, ಪಾಠ ಹಂಚಿಕೊಂಡವರು. ಒಬ್ಬರಂತೆ ಇನ್ನೊಬ್ಬರು ಇರುತ್ತಾರೆ. ಆದ್ದರಿಂದ ಇಪ್ಪತ್ತು ಮಕ್ಕಳನ್ನು ಅಳೆದರೂ ಇಪ್ಪತ್ತು ಮಕ್ಕಳಷ್ಟು ಹೊಸ ಮಾಹಿತಿ ಸಿಗುವುದಿಲ್ಲ. ಇದನ್ನು ಸರಿದೂಗಿಸುವ ಗುಣಕಕ್ಕೆ ವಿನ್ಯಾಸ ಪರಿಣಾಮ ಎನ್ನುತ್ತಾರೆ: 1 + (ಪ್ರತಿ ಶಾಲೆಯ ಮಕ್ಕಳು − 1) × ಹೋಲಿಕೆಯ ಅಂಕ. ಹೋಲಿಕೆಯ ಅಂಕ ಎಂದರೆ ಒಂದೇ ಶಾಲೆಯ ಮಕ್ಕಳು ಎಷ್ಟರಮಟ್ಟಿಗೆ ಒಬ್ಬರಂತೊಬ್ಬರು ಇದ್ದಾರೆ ಎಂಬ ಅಳತೆ, ಅದನ್ನು 0.05 ಎಂದುಕೊಳ್ಳಿ. ಶಾಲೆಗೆ 20 ಮಕ್ಕಳಾದರೆ ಗುಣಕ 1.95, ಅಂದರೆ 564 ಮಕ್ಕಳು. ಹತ್ತರಲ್ಲೊಬ್ಬರು ಸಿಗುವುದಿಲ್ಲ ಎಂದು ಸೇರಿಸಿದರೆ 627. ಆಗ 32 ಶಾಲೆ ಬೇಕು. ಶಾಲೆಗೆ 40 ಮಕ್ಕಳಂತೆ ತೆಗೆದುಕೊಂಡರೆ ಶಾಲೆಗಳು 24ಕ್ಕೆ ಇಳಿಯುತ್ತವೆ, ಆದರೆ ಮಕ್ಕಳು 948 ಆಗುತ್ತಾರೆ. ಹೆಚ್ಚು ಶಾಲೆ, ಶಾಲೆಗೆ ಕಡಿಮೆ ಮಕ್ಕಳು ಎಂಬುದೇ ಸಾಮಾನ್ಯವಾಗಿ ಲಾಭ. ಜೀಪಿನ ಬಾಡಿಗೆ ಉಳಿಸಲು ಹೋಗಿ ಸುಮಾರು 300 ಮಕ್ಕಳಿಗೆ ಸುಮ್ಮನೆ ಸೂಜಿ ಚುಚ್ಚುವುದು ಸರಿಯಲ್ಲ.

ಇದು ಪ್ರಮಾಣ ತಿಳಿಯುವ ಲೆಕ್ಕ. ರಕ್ತಹೀನತೆ ಇರುವವರನ್ನೂ ಇಲ್ಲದವರನ್ನೂ ಹೋಲಿಸುವ ಲೆಕ್ಕ ಬೇರೆ. ಕೊನೆಗೆ 564 ಮಕ್ಕಳು ಸಿಕ್ಕು, ಅವರಲ್ಲಿ 141 ಮಕ್ಕಳಿಗೆ ರಕ್ತಹೀನತೆ ಇದ್ದರೆ, ಓದಿನ ಅಂಕದಲ್ಲಿ ಸುಮಾರು 0.27 ಪ್ರಮಾಣ ವಿಚಲನೆಗಿಂತ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವ ಭರವಸೆ ಇಲ್ಲ. ಪ್ರಮಾಣ ವಿಚಲನೆ ಎಂದರೆ ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಹರಡಿಕೊಂಡಿವೆ ಎಂಬ ಅಳತೆ. ಹಾಗಾಗಿ "ವ್ಯತ್ಯಾಸ ಕಾಣಲಿಲ್ಲ" ಎಂದು ಬರೆಯಿರಿ, "ವ್ಯತ್ಯಾಸ ಇಲ್ಲ" ಎಂದು ಬರೆಯಬೇಡಿ.

5. ಶಾಲೆ ಮತ್ತು ಮಕ್ಕಳ ಆಯ್ಕೆ

ದೇಶದ ಶಾಲೆಗಳ ಮಾಹಿತಿ ಇರುವ ಯುಡೈಸ್ ಪಟ್ಟಿ ತೆಗೆದುಕೊಳ್ಳಿ. ಪ್ರತಿ ಶಾಲೆಗೂ 11 ಅಂಕಿಯ ಸಂಕೇತ ಇರುತ್ತದೆ, ಕರ್ನಾಟಕದ್ದು 29ರಿಂದ ಶುರು. ಶಾಲೆಗಳ ಎದುರಿಗೆ 3–5ನೇ ತರಗತಿಯ ದಾಖಲಾತಿ ಬರೆದು ಕೂಡುತ್ತಾ ಹೋಗಿ. ಒಟ್ಟು 8,000 ಮಕ್ಕಳಿದ್ದು 32 ಶಾಲೆ ಬೇಕಾದರೆ ಅಂತರ 250. ಒಂದರಿಂದ 250ರೊಳಗೆ ಚೀಟಿ ಎತ್ತಿ, 137 ಬಂತೆನ್ನಿ. 137, 387, 637 ಹೀಗೆ ಆ ಸಂಖ್ಯೆಗಳು ಯಾವ ಶಾಲೆಯ ಸಾಲಿನಲ್ಲಿ ಬೀಳುತ್ತವೋ ಆ ಶಾಲೆಗಳು ನಿಮ್ಮವು. ಪ್ರತಿ ಶಾಲೆಯಿಂದಲೂ ಒಂದೇ ಸಂಖ್ಯೆಯ ಮಕ್ಕಳನ್ನು ತೆಗೆದುಕೊಂಡಾಗ ದೊಡ್ಡ ಶಾಲೆಯ ಮಗುವಿಗೂ ಸಣ್ಣ ಶಾಲೆಯ ಮಗುವಿಗೂ ಸಮಾನ ಅವಕಾಶ ಸಿಗುತ್ತದೆ.

ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮೂರು ತರಗತಿ ಸೇರಿದರೂ 20 ಮಕ್ಕಳಿಲ್ಲದಿರುವುದು ಸಾಮಾನ್ಯ. ಅಂಥ ಶಾಲೆಯನ್ನು ಪಟ್ಟಿಯಿಂದ ಹೊಡೆದುಹಾಕಿದರೆ ತಾಂಡಾ, ಹಾಡಿ, ತೋಟದ ಮನೆಗಳ ಮಕ್ಕಳೇ ಬಿಟ್ಟುಹೋಗುತ್ತಾರೆ. ಚೀಟಿ ಎತ್ತುವ ಮೊದಲೇ ಅದನ್ನು ಹತ್ತಿರದ ಶಾಲೆಯೊಂದಿಗೆ ಜೋಡಿಸಿ ಒಂದೇ ಘಟಕ ಮಾಡಿ.

ಮಕ್ಕಳನ್ನು ಹಾಜರಿ ಪುಸ್ತಕದಲ್ಲಿರುವ ಎಲ್ಲ ಹೆಸರುಗಳಿಂದ ಆರಿಸಿ, ಅಂದು ತರಗತಿಯಲ್ಲಿ ಕೂತವರಿಂದಲ್ಲ. ನಲಿ-ಕಲಿ ಕೊಠಡಿಯಲ್ಲಿ 1ರಿಂದ 3ನೇ ತರಗತಿಯವರು ಕಲೆತು ಕೂರುವುದರಿಂದ ಅಲ್ಲಿ ಪುಸ್ತಕವೇ ಗತಿ. ಆಯ್ಕೆಯಾದ ಮಗು ಗೈರಾಗಿದ್ದರೆ ಪಕ್ಕದ ಮಗುವನ್ನು ಕರೆಯಬೇಡಿ. ಇನ್ನೆರಡು ಸಲ ಹೋಗಿ. ಗೈರುಹಾಜರಾಗುವ ಮಗುವೇ ಹೆಚ್ಚಾಗಿ ಕಾಯಿಲೆಯ ಮಗು, ಓದಿನಲ್ಲಿ ಹಿಂದಿರುವ ಮಗು. ನಿಮ್ಮ ಪ್ರಶ್ನೆ ಇರುವುದೇ ಅವರ ಬಗ್ಗೆ. "ಚೆನ್ನಾಗಿ ಉತ್ತರ ಹೇಳೋ ಮಕ್ಕಳನ್ನ ಕಳಿಸ್ತೀನಿ" ಎಂದು ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಹೆಸರುಗಳ ಚೀಟಿ ಕೈಯಲ್ಲಿ ಹಿಡಿದೇ ಶಾಲೆಯೊಳಗೆ ಹೋಗಿ.

6. ಒಪ್ಪಿಗೆ

ತಂದೆತಾಯಿಯ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮುಖ್ಯೋಪಾಧ್ಯಾಯರ ಸಹಿ ಅದಕ್ಕೆ ಬದಲಿ ಆಗುವುದಿಲ್ಲ. ಜೊತೆಗೆ ಮಗುವಿನ ಸಮ್ಮತಿ ಬೇಕು: 7ರಿಂದ 12 ವರ್ಷದವರಿಗೆ ಪೋಷಕರ ಎದುರು ಬಾಯಿಮಾತಿನ ಸಮ್ಮತಿ, 12 ದಾಟಿ 18ರೊಳಗಿನವರಿಗೆ ಲಿಖಿತ ಸಮ್ಮತಿ. ಪೋಷಕರು ಹೂಂ ಎಂದು ಮಗು ಬೇಡ ಎಂದರೆ ಬೇಡವೇ.

ಕಾಗದವನ್ನು ಮಗುವಿನ ಚೀಲದಲ್ಲಿ ಹಾಕಿ ಕಳಿಸಿದರೆ ಅಣ್ಣನೋ ಪಕ್ಕದ ಮನೆಯವರೋ ಸಹಿ ಹಾಕಿ ವಾಪಸ್ ಬರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಸಂಜೆ ಆರರ ನಂತರ, ಕೂಲಿಯಿಂದ ಬಂದ ಮೇಲೆ ಸಭೆ ಕರೆಯಿರಿ. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳಿ. "ಎಷ್ಟು ರಕ್ತ ತೆಗೀತೀರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆರಳ ತುದಿಯ ಕೆಲವು ಹನಿ ಎಂದು ಲ್ಯಾನ್ಸೆಟ್ಟನ್ನೇ, ಅಂದರೆ ಚುಚ್ಚುವ ಪುಟ್ಟ ಸೂಜಿಯನ್ನೇ ತೋರಿಸಿ. ಪೆನ್ಸಿಲ್, ಪುಸ್ತಕ ಕೊಡುವುದಿದ್ದರೆ ಬೇಡ ಎಂದ ಮಕ್ಕಳೂ ಸೇರಿ ಇಡೀ ತರಗತಿಗೆ ಕೊಡಿ.

7. ಓದು ಮೊದಲು, ಸೂಜಿ ಆಮೇಲೆ

ಚುಚ್ಚಿಸಿಕೊಂಡ ಮಗು, ಚುಚ್ಚುತ್ತಾರೆ ಎಂದು ಹೆದರಿದ ಮಗು ಓದುವಾಗ ತಡವರಿಸುತ್ತದೆ. ಅದಕ್ಕೇ ಓದಿನ ಪರೀಕ್ಷೆ ಮೊದಲು, ಬೇರೆ ಕೋಣೆಯಲ್ಲಿ, ಬೇರೆಯವರಿಂದ. ಅಂಕ ಹಾಕುವವರಿಗೆ ರಕ್ತದ ಫಲಿತಾಂಶ ಗೊತ್ತಿರಬಾರದು.

ಹಳ್ಳಿ ಮಕ್ಕಳ ಓದು, ಗಣಿತ ಅಳೆಯುವ ಅಸರ್ ಸಮೀಕ್ಷೆಯ ಕನ್ನಡ ಸಾಧನ ಮುಕ್ತವಾಗಿ ಸಿಗುತ್ತದೆ. ಅಕ್ಷರ, ಪದ, 1ನೇ ತರಗತಿ ಮಟ್ಟದ ವಾಕ್ಯವೃಂದ, 2ನೇ ತರಗತಿ ಮಟ್ಟದ ಕಥೆ. ಗಣಿತದಲ್ಲಿ ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಹೇಳಲು ಅದು ಚೆನ್ನಾಗಿದೆ. ಆದರೆ ಅಕ್ಷರವೂ ಬಾರದವರ ಮೆಟ್ಟಿಲು ಸೇರಿ ಓದಿನಲ್ಲಿ ಐದೇ ಮೆಟ್ಟಿಲು ಇರುವುದರಿಂದ ಸೂಕ್ಷ್ಮ ವ್ಯತ್ಯಾಸ ಹಿಡಿಯುವುದಿಲ್ಲ. ಅದಕ್ಕೆ ಒಂದು ನಿಮಿಷದಲ್ಲಿ ಸರಿಯಾಗಿ ಓದಿದ್ದನ್ನು ಎಣಿಸುವ ಪರೀಕ್ಷೆ ಸೇರಿಸಿ.

ಈ ನಿಮಿಷದ ಪರೀಕ್ಷೆಯನ್ನು ಇಂಗ್ಲಿಷಿನಿಂದ ಅನುವಾದಿಸಿ ತಂದರೆ ಕೆಟ್ಟಿತು. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದ ಮಗು ಮೂಲಾಕ್ಷರದ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಕಲಿಯಬೇಕು. "ಅಕ್ಷರ ಬರುತ್ತದೆ" ಎನ್ನುವ ಮಗು "ಕಿ, ಕೀ" ವ್ಯತ್ಯಾಸದಲ್ಲಿ, "ಕತ್ತೆ, ಕತೆ" ವ್ಯತ್ಯಾಸದಲ್ಲಿ ಎಡವುತ್ತದೆ. ಹಾಗಾಗಿ ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರ ಮೂರಕ್ಕೂ ಬೇರೆ ಬೇರೆ ಸಾಲು ಮಾಡಿ. "ಶಾಲೆಯಿಂದ ಬರುತ್ತಿದ್ದಾಗ" ಎಂಬ ಎರಡು ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. ಆದ್ದರಿಂದ ನಿಮಿಷಕ್ಕೆ ಎಷ್ಟು ಪದ ಎಂಬ ಇಂಗ್ಲಿಷ್ ಮಾನದಂಡ ನಮ್ಮ ಮಕ್ಕಳಿಗೆ ಹೊಂದುವುದಿಲ್ಲ. ಪದದ ಬದಲು ಅಕ್ಷರ ಎಣಿಸಿ. ಊರಿನ ಮಾತಿನಂತೆ "ಹಾಲು" ಎಂಬುದನ್ನು "ಆಲು" ಎಂದು ಓದಿದರೆ ತಪ್ಪೆಂದು ಹಾಕಬಾರದು. ಅದು ಉಚ್ಚಾರಣೆ, ಓದಿನ ದೋಷವಲ್ಲ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಮಾತಾಡುವವರಿಗೆ ಸೂಚನೆಯನ್ನು ಅವರ ಮಾತಿನಲ್ಲೇ ಕೊಡಿ.

ತರಬೇತಿಯಲ್ಲಿ ಇಬ್ಬರು ಪರೀಕ್ಷಕರು ಒಂದೇ ಮಗುವನ್ನು ಕೇಳಿ ಬೇರೆ ಬೇರೆಯಾಗಿ ಅಂಕ ಹಾಕಲಿ. ಇಬ್ಬರ ಹೊಂದಾಣಿಕೆಯ ಅಂಕ, ಅಂದರೆ ಕಪ್ಪಾ, 0.8 ಮುಟ್ಟುವವರೆಗೆ ಯಾರನ್ನೂ ಶಾಲೆಗೆ ಕಳಿಸಬೇಡಿ. ಇದಕ್ಕೆ ಐದು ದಿನ ಬೇಕಾಗುತ್ತದೆ, ಎರಡಕ್ಕೆ ಇಳಿಸಬೇಡಿ.

8. ಎತ್ತರ, ತೂಕ, ವಯಸ್ಸು

ಎತ್ತರ 0.1 ಸೆಂಟಿಮೀಟರ್‌ವರೆಗೆ, ತೂಕ 100 ಗ್ರಾಂವರೆಗೆ, ಎರಡೆರಡು ಸಲ. ಎತ್ತರದಲ್ಲಿ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ. ತುರುಬು, ಎತ್ತಿ ಕಟ್ಟಿದ ಜಡೆ ಸಡಿಲಿಸಿ. ದಿನ ಕಳೆದಂತೆ ಎತ್ತರ ತುಸು ಕುಗ್ಗುತ್ತದೆ, ಎಲ್ಲ ಶಾಲೆಗಳಲ್ಲೂ ಬೆಳಗಿನ ಹೊತ್ತೇ ಅಳೆಯಿರಿ. ಜನ್ಮದಿನಾಂಕ ಜೂನ್ 1 ಎಂದು ಸಾಲುಸಾಲಾಗಿ ಕಂಡರೆ ನಂಬಬೇಡಿ. ಜನನ ಪ್ರಮಾಣಪತ್ರ ಅಥವಾ ತಾಯಿ ಕಾರ್ಡ್ ನೋಡಿ. ವಯಸ್ಸು ಆರು ತಿಂಗಳು ತಪ್ಪಿದರೆ ವಯಸ್ಸಿಗೆ ತಕ್ಕ ಎತ್ತರದ ಲೆಕ್ಕವೇ ಹಾಳು.

9. ರಕ್ತ ಪರೀಕ್ಷೆ

ಹಿಮೊಗ್ಲೋಬಿನ್ ಅಳೆಯುವ ಹಿಮೊಕ್ಯೂನಂಥ ಕೈಯಂತ್ರ, ಅದರ ಕ್ಯುವೆಟ್‌ಗಳು (10 ಮೈಕ್ರೋಲೀಟರ್ ರಕ್ತ ಹಿಡಿಯುವ ಪುಟ್ಟ ಪ್ಲಾಸ್ಟಿಕ್ ತಟ್ಟೆ), ಒಮ್ಮೆ ಬಳಸಿ ಬಿಸಾಡುವ ಲ್ಯಾನ್ಸೆಟ್, ಸ್ಪಿರಿಟ್, ಹತ್ತಿ, ಕೈಗವಸು. ಚುಚ್ಚುವವರು ತರಬೇತಾದ ಲ್ಯಾಬ್ ಟೆಕ್ನಿಷಿಯನ್ ಅಥವಾ ನರ್ಸ್ ಆಗಿರಬೇಕು. ಮಕ್ಕಳು ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಶುರು ಮಾಡಿ, ಬಿಸಿಯೂಟದ ಹೊತ್ತಿಗೆ ನಿಲ್ಲಿಸಿ. ಹಸಿದ ಮಗು ತಲೆತಿರುಗಿ ಬೀಳಬಹುದು.

ಮಧ್ಯದ ಅಥವಾ ಉಂಗುರದ ಬೆರಳು ಆರಿಸಿ. ಬೆಚ್ಚಗಿನ ನೀರಿನಲ್ಲಿ ಕೈ ತೊಳೆಸಿ, ಸ್ಪಿರಿಟ್ ಪೂರ್ತಿ ಆರಲು ಬಿಡಿ; ಆರದಿದ್ದರೆ ರಕ್ತ ತೆಳುವಾಗುತ್ತದೆ. ತುದಿಯ ನಡುವಿಗಲ್ಲ, ಬದಿಗೆ ಚುಚ್ಚಿ. ಮೊದಲ ಎರಡು ಹನಿ ಒರೆಸಿ, ಮೂರನೆಯದನ್ನು ಒಂದೇ ಸಲಕ್ಕೆ ಕ್ಯುವೆಟ್‌ಗೆ ತುಂಬಿಸಿ. ಗಾಳಿಗುಳ್ಳೆ ಕಂಡರೆ ಅದನ್ನೇ ಮತ್ತೆ ತುಂಬಿಸದೆ ಹೊಸದು ತೆಗೆದುಕೊಳ್ಳಿ. ರಕ್ತ ಬರುತ್ತಿಲ್ಲ ಎಂದು ಬೆರಳನ್ನು ಹಿಂಡಿದರೆ ಜೀವಕೋಶಗಳ ನಡುವಿನ ನೀರು ಸೇರಿ ಹಿಮೊಗ್ಲೋಬಿನ್ ಸುಳ್ಳಾಗಿ ಕಡಿಮೆ ಬರುತ್ತದೆ. ಮಳೆಗಾಲದ ಕರಾವಳಿ, ಮಲೆನಾಡಿನಲ್ಲಿ ಕ್ಯುವೆಟ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಕೆಡುತ್ತವೆ. ಒಂದು ತೆಗೆದ ತಕ್ಷಣ ಮುಚ್ಚಿ.

ಈ ಎಚ್ಚರಿಕೆಗೆ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳಿನ ರಕ್ತ ಪರೀಕ್ಷಿಸಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67ರಷ್ಟು ರಕ್ತಹೀನತೆ ಎಂದಿತು. ಮೇಲೆ ಹೇಳಿದ ಪೋಷಣಾ ಸಮೀಕ್ಷೆ ರಕ್ತನಾಳದಿಂದ ರಕ್ತ ತೆಗೆದು 1ರಿಂದ 4 ವರ್ಷದವರಲ್ಲಿ ಶೇ 41 ಎಂದಿತು. ವರ್ಷ, ವಯಸ್ಸು ತುಸು ಬೇರೆ, ಆದರೂ ಅಳೆದ ವಿಧಾನದ ಪಾಲು ಸಣ್ಣದಲ್ಲ. ಹಣವಿದ್ದರೆ ಹತ್ತರಲ್ಲೊಬ್ಬರ ರಕ್ತನಾಳದ ಮಾದರಿಯನ್ನು ಪ್ರಯೋಗಾಲಯಕ್ಕೂ ಕಳಿಸಿ ಹೋಲಿಸಿ. ಆಗ ಅದಕ್ಕೆ ಒಪ್ಪಿಗೆಯನ್ನೂ ಬೇರೆಯಾಗಿ ಪಡೆದಿರಬೇಕು.

ಗಡಿರೇಖೆ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರತಿ ಡೆಸಿಲೀಟರಿಗೆ 5ರಿಂದ 11 ವರ್ಷದವರಿಗೆ 11.5 ಗ್ರಾಂ, 12ರಿಂದ 14ರವರಿಗೆ 12 ಗ್ರಾಂ. 8ಕ್ಕಿಂತ ಕಡಿಮೆ ಆದರೆ ತೀವ್ರ. ಸಮುದ್ರ ಮಟ್ಟದಿಂದ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. 2024ರ ಮಾರ್ಗಸೂಚಿಯಂತೆ 500ರಿಂದ 999 ಮೀಟರ್ ಎತ್ತರದಲ್ಲಿ ಅಳತೆಯಿಂದ 0.4 ಗ್ರಾಂ, 1,000ದಿಂದ 1,499 ಮೀಟರಿನಲ್ಲಿ 0.8 ಗ್ರಾಂ ಕಳೆಯಬೇಕು. ಯಂತ್ರ 11.7 ತೋರಿಸಿದ ಒಂಬತ್ತು ವರ್ಷದ ಮಗು ರಾಯಚೂರಿನಲ್ಲಿದ್ದರೆ ರಕ್ತಹೀನತೆ ಇಲ್ಲ. ತುಮಕೂರಿನಲ್ಲಿದ್ದರೆ 11.3 ಆಗಿ ಗಡಿಯ ಕೆಳಗೆ ಬೀಳುತ್ತದೆ. ಹಳೆಯ ನಿಯಮದಲ್ಲಿ 1,000 ಮೀಟರಿನ ಕೆಳಗೆ ಏನೂ ಕಳೆಯುತ್ತಿರಲಿಲ್ಲ. ಹಳೆಯ ಅಧ್ಯಯನಗಳೊಂದಿಗೆ ಹೋಲಿಸುವಾಗ ಎರಡೂ ರೀತಿ ಲೆಕ್ಕ ಹಾಕಿ ತೋರಿಸಿ.

ಹಿಮೊಗ್ಲೋಬಿನ್ ಕಡಿಮೆ ಎಂದರೆ ಕಬ್ಬಿಣವೇ ಕಡಿಮೆ ಎಂದಲ್ಲ. ಬಿ12, ಫೋಲೇಟ್ ಕೊರತೆ, ಸೋಂಕು, ತಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆಯೂ ಇರಬಹುದು. ಕಬ್ಬಿಣದ ಬಗ್ಗೆ ಬರೆಯಬೇಕಾದರೆ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಪ್ರೋಟೀನ್, ಅಳೆದಿರಬೇಕು. ಸೋಂಕಿದ್ದಾಗ ಅದು ಸುಳ್ಳಾಗಿ ಏರುವುದರಿಂದ ಸೋಂಕಿನ ಸೂಚಕವನ್ನೂ ಅಳೆಯಬೇಕು.

ಲ್ಯಾನ್ಸೆಟ್ ಬಿಳಿ ಚುಚ್ಚುನಿರೋಧಕ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ. ಶಾಲೆಯ ಹಿತ್ತಲಲ್ಲಿ ಸುಡಬೇಡಿ.

10. ದತ್ತಾಂಶ

ಮೊಬೈಲಿನಲ್ಲಿ ಮಾಹಿತಿ ತುಂಬುವ ತಂತ್ರಾಂಶಗಳಾದ ಒಡಿಕೆ ಅಥವಾ ಕೋಬೋ ಟೂಲ್‌ಬಾಕ್ಸ್‌ನಲ್ಲಿ ಕನ್ನಡ ನಮೂನೆ ಮಾಡಿಕೊಳ್ಳಿ, ನೆಟ್‌ವರ್ಕ್ ಇಲ್ಲದಾಗಲೂ ನಡೆಯುತ್ತವೆ. ಹಿಮೊಗ್ಲೋಬಿನ್ 4ಕ್ಕಿಂತ ಕಡಿಮೆ, 18ಕ್ಕಿಂತ ಹೆಚ್ಚು ಬಂದರೆ ಮತ್ತೆ ಕೇಳುವಂತೆ ಮಿತಿ ಹಾಕಿ. ಮಗುವಿನ ಹೆಸರು ಒಂದು ಕಡತದಲ್ಲಿ, ಅಳತೆ ಇನ್ನೊಂದರಲ್ಲಿ. ಎರಡನ್ನೂ ಜೋಡಿಸುವ ಸಂಕೇತ ಬೀಗದೊಳಗೆ. ಆಧಾರ್ ಸಂಖ್ಯೆ ಕೇಳಲೇಬೇಡಿ, ಅದರಿಂದ ಈ ಅಧ್ಯಯನಕ್ಕೆ ಉಪಯೋಗವಿಲ್ಲ. ಫಲಿತಾಂಶದ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ವಿಶ್ಲೇಷಣೆಯಲ್ಲಿ ಒಂದೇ ಶಾಲೆಯ ಮಕ್ಕಳು ಒಬ್ಬರಂತೊಬ್ಬರು ಎಂಬುದನ್ನು ತಂತ್ರಾಂಶಕ್ಕೂ ತಿಳಿಸಬೇಕು, ಇಲ್ಲವಾದರೆ ಇಲ್ಲದ ಖಚಿತತೆ ಕಾಣಿಸುತ್ತದೆ. ಬಳಸಿದ ಕೋಡನ್ನು ಉಳಿಸಿ ಹಂಚಿಕೊಳ್ಳಿ. ಕೀನ್ಯಾದ ಬುಸಿಯಾ ಪ್ರದೇಶದ 75 ಶಾಲೆಗಳಲ್ಲಿ ಜಂತುಹುಳು ಮಾತ್ರೆ ಕೊಟ್ಟು ನಡೆಸಿದ ಪ್ರಸಿದ್ಧ ಅಧ್ಯಯನ ಪ್ರಕಟವಾದದ್ದು 2004ರಲ್ಲಿ. ಅದರ ದತ್ತಾಂಶವನ್ನು ಬೇರೆಯವರಿಗೆ ಕೊಟ್ಟು 2015ರಲ್ಲಿ ಮರುವಿಶ್ಲೇಷಣೆಯಾದಾಗ ಗಣಕದ ಕೋಡಿನಲ್ಲಿ ತಪ್ಪುಗಳು ಕಂಡವು, ದೊಡ್ಡ ಚರ್ಚೆಯೇ ನಡೆಯಿತು. ದತ್ತಾಂಶ ತೆರೆದಿಟ್ಟದ್ದರಿಂದಲೇ ಅದು ಸಾಧ್ಯವಾಯಿತು.

11. ಫಲಿತಾಂಶವನ್ನು ಮನೆಗೆ ಮುಟ್ಟಿಸಿ

ಹಿಮೊಗ್ಲೋಬಿನ್ 8ಕ್ಕಿಂತ ಕಡಿಮೆ ಇರುವ ಮಗುವನ್ನು ಅದೇ ದಿನ ಪೋಷಕರೊಂದಿಗೆ ಆರೋಗ್ಯ ಕೇಂದ್ರಕ್ಕೆ ಕಳಿಸಿ. ವಾಹನದ ಖರ್ಚು ನಿಮ್ಮ ಬಜೆಟ್ಟಿನಲ್ಲಿರಲಿ. ಮಗು ಅಲ್ಲಿಗೆ ತಲುಪಿತೇ ಎಂದು ಆಶಾ ಕಾರ್ಯಕರ್ತೆಯ ಮೂಲಕ ವಾರದೊಳಗೆ ಕೇಳಿ ತಿಳಿಯಿರಿ. ಉಳಿದ ಎಲ್ಲರಿಗೂ, ಚೆನ್ನಾಗಿರುವವರಿಗೂ, ಕನ್ನಡದಲ್ಲಿ ಚೀಟಿ ಕೊಡಿ: ಎತ್ತರ, ತೂಕ, ಹಿಮೊಗ್ಲೋಬಿನ್, ಮುಂದೇನು ಮಾಡಬೇಕು. ಮಡಿಸಿ, ಅಂಟಿಸಿ, ಪೋಷಕರ ಕೈಗೇ ಕೊಡಿ. ತರಗತಿಯಲ್ಲಿ ಹೆಸರು ಕೂಗಿ ಹಂಚಿದರೆ ಮಗುವಿಗೆ "ರಕ್ತ ಇಲ್ಲದವಳು" ಎಂಬ ಅಡ್ಡಹೆಸರು ಅಂಟುತ್ತದೆ.

ಶಾಲೆಗೆ ಒಂದು ಪುಟದ ವರದಿ ಬರೆಯಿರಿ. ಅದರಲ್ಲಿ ಒಟ್ಟು ಸಂಖ್ಯೆಗಳಷ್ಟೇ ಇರಲಿ, ಮಕ್ಕಳ ಹೆಸರಿರಬಾರದು. ಬೇರೆ ಶಾಲೆಯ ಜೊತೆ ಹೋಲಿಕೆಯೂ ಬೇಡ. ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಿ. ಇವೆಲ್ಲ ಏಪ್ರಿಲ್ ಮೊದಲ ವಾರದೊಳಗೆ ಮುಗಿಯಬೇಕು. ಬೇಸಿಗೆ ರಜೆಯ ನಂತರ ಕಿರಿಯ ಪ್ರಾಥಮಿಕ ಶಾಲೆಯ 5ನೇ ತರಗತಿ ಮಕ್ಕಳು ಆರನೆಯದಕ್ಕೆ ಬೇರೆ ಊರಿನ ಶಾಲೆ ಸೇರಿರುತ್ತಾರೆ. ಜೂನ್‌ನಲ್ಲಿ ನೀವು ಚೀಟಿ ಹಿಡಿದು ಹೋದರೆ ಅದನ್ನು ಕೊಡಲು ಅಲ್ಲಿ ಯಾರೂ ಇರುವುದಿಲ್ಲ.